ಬೀದರ್, ಭಾಲ್ಕಿ, ಔರಾದ್: ವಿಕಲಚೇತನರ ಮಾಸಾಶನ ಹಾಗೂ ಇತರ ಸೌಲಭ್ಯ ಪಡೆಯುವ ಕ್ರಮ

ವಿಕಲಚೇತನರ ಸೌಲಭ್ಯಗಳೆಲ್ಲ ಒಂದೇ ಕಚೇರಿಯಲ್ಲಿ ಸಿಗುವುದಿಲ್ಲ. ಪ್ರಮಾಣಪತ್ರ ಆಸ್ಪತ್ರೆಯಿಂದ, ಮಾಸಾಶನ ಕಂದಾಯ ಇಲಾಖೆಯಿಂದ, ಬಸ್ ಪಾಸ್ ಸಾರಿಗೆ ನಿಗಮದಿಂದ ಬರುತ್ತದೆ. ಯಾವುದು ಮೊದಲು ಎಂಬುದು ತಿಳಿದಿದ್ದರೆ ಅಲೆದಾಟ ಕಡಿಮೆ.

ಮೊದಲು ಯು.ಡಿ.ಐ.ಡಿ. ಕಾರ್ಡ್

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಪಾರ್ಕಿನ್‌ಸನ್, ತಲಸ್ಸೇಮಿಯಾ, ಕಲಿಕಾ ನ್ಯೂನತೆಗಳೂ ಇದರಲ್ಲಿವೆ. ಬಹುತೇಕ ಸೌಲಭ್ಯಗಳಿಗೆ ಕನಿಷ್ಠ ಶೇ 40 ನ್ಯೂನತೆ ಇರಬೇಕು. ಸ್ವಾವಲಂಬನ್ ಜಾಲತಾಣದಲ್ಲಿ ಆಧಾರ್, ಭಾವಚಿತ್ರದೊಂದಿಗೆ ಅರ್ಜಿ ಸಲ್ಲಿಸಿ, ನಂತರ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗಬೇಕು. ಬೀದರ್ ನಗರದಲ್ಲಿ ಬ್ರಿಮ್ಸ್ ಬೋಧಕ ಆಸ್ಪತ್ರೆ ಇದೆ. ಭಾಲ್ಕಿ, ಔರಾದ್‌ನಿಂದ ಬರುವವರು ಸಂಬಂಧಿಸಿದ ತಜ್ಞರು ಲಭ್ಯವಿರುವ ದಿನವನ್ನು ಮೊದಲೇ ವಿಚಾರಿಸಿಕೊಂಡು, ಹಳೆಯ ಚಿಕಿತ್ಸಾ ದಾಖಲೆಗಳನ್ನು ತರುವುದು ಒಳಿತು.

ಮಾಸಾಶನ

ನಾಡ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಮಂಜೂರಾತಿ ತಹಶೀಲ್ದಾರ್ ಕಚೇರಿಯದು. ಶೇ 40ರಿಂದ 75ರವರೆಗಿನ ನ್ಯೂನತೆಗೆ ತಿಂಗಳಿಗೆ ಕೊಡುವ ಮೊತ್ತ 2021ರಲ್ಲಿ 600ರಿಂದ 800 ರೂಪಾಯಿಗೆ ಏರಿತು; ಶೇ 75 ಮೀರಿದವರಿಗೆ 1,400 ರೂಪಾಯಿ. ಬೇಕಾಗುವ ದಾಖಲೆಗಳು:

• ಯು.ಡಿ.ಐ.ಡಿ. ಕಾರ್ಡ್
• ಆಧಾರ್, ಪಡಿತರ ಚೀಟಿ
• ಆದಾಯ ಪ್ರಮಾಣಪತ್ರ
• ಆಧಾರ್ ಜೋಡಣೆಯಾದ ಬ್ಯಾಂಕ್ ಅಥವಾ ಅಂಚೆ ಖಾತೆ

ಗಡಿಭಾಗದ ತೊಡಕು

ಉದಗೀರ್, ನಾಂದೇಡ್ ಕಡೆಯಿಂದ ಮದುವೆಯಾಗಿ ಬಂದ ಮಹಿಳೆಯರ ಆಧಾರ್‌ನಲ್ಲಿ ಮಹಾರಾಷ್ಟ್ರದ ವಿಳಾಸವೇ ಉಳಿದಿದ್ದರೆ ಮೊದಲು ಅದನ್ನು ಬದಲಿಸಬೇಕು. ಮರಾಠಿ, ಕನ್ನಡ ದಾಖಲೆಗಳಲ್ಲಿ ಹೆಸರು, ಅಡ್ಡಹೆಸರು ಬೇರೆಬೇರೆಯಾಗಿದ್ದರೆ ಅರ್ಜಿಗೆ ಮುನ್ನವೇ ಸರಿಪಡಿಸಬೇಕು. ಔರಾದ್‌ನಿಂದ ಬೇರ್ಪಟ್ಟ ಕಮಲನಗರ ಈಗ ಪ್ರತ್ಯೇಕ ತಾಲ್ಲೂಕು. ಅಲ್ಲಿನವರು ತಮ್ಮ ತಾಲ್ಲೂಕಿನ ಕಚೇರಿಯನ್ನೇ ಸಂಪರ್ಕಿಸಬೇಕು.

ಆದಾಯ ಹೆಚ್ಚಿದ್ದವರಿಗೂ ಇರುವ ಸೌಲಭ್ಯ

ಮಾಸಾಶನ ಸಿಗದು ಎಂದು ವ್ಯಾಪಾರಸ್ಥ ಕುಟುಂಬಗಳು ಕಾರ್ಡನ್ನೇ ಮಾಡಿಸದಿರುವುದು ಸರಿಯಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ 80ಡಿಡಿ, 80ಯು ಕಲಮುಗಳಡಿ 75,000 ರೂಪಾಯಿ, ತೀವ್ರ ನ್ಯೂನತೆಗೆ 1,25,000 ರೂಪಾಯಿ ಕಡಿತವಿದೆ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5, ಸರ್ಕಾರಿ ಹುದ್ದೆಗಳಲ್ಲಿ ಶೇ 4 ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ರಿಯಾಯಿತಿ ಪಾಸಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು.

ತಾಯಿ-ತಂದೆಯ ನಂತರ ಮಗುವಿಗೆ ಯಾರು ದಿಕ್ಕು ಎಂಬ ಚಿಂತೆಗೂ ಕಾನೂನಿನಲ್ಲಿ ದಾರಿಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಹಾಗೂ ಬಹುವಿಧ ನ್ಯೂನತೆ ಇರುವವರಿಗೆ 18 ವರ್ಷ ತುಂಬಿದ ಮೇಲೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಇದೇ ನ್ಯಾಸದ ನಿರಾಮಯ ಯೋಜನೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ನೀಡುತ್ತದೆ.

ಅಲ್ಪಸಂಖ್ಯಾತರ ಸೌಲಭ್ಯ ಬೇರೆ

ಜೈನರನ್ನು 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತರೆಂದು ಅಧಿಸೂಚಿಸಿತು. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ, ಸಾಲ ಯೋಜನೆಗಳಿಗೆ ಆ ಪ್ರಮಾಣಪತ್ರ ಬೇಕು. ವಿಕಲಚೇತನರ ಮಾಸಾಶನಕ್ಕೆ ಧರ್ಮದ ಆಧಾರವಿಲ್ಲ.

ನೆರವು ಎಲ್ಲಿ?

ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಮಾರ್ಗದರ್ಶನ ನೀಡುತ್ತಾರೆ. ಪ್ರತಿ ಅರ್ಜಿಯ ಸ್ವೀಕೃತಿ ಚೀಟಿ ಇಟ್ಟುಕೊಳ್ಳಬೇಕು. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಮೇಲ್ಮನವಿಗೆ ಅದೇ ಆಧಾರ.