ಗೋಡೆಗೆ ಬೆನ್ನು ಕೊಟ್ಟು ಕೂರುವ ವಿಮಾನ

ವಿಮಾನ ಅಂದ ಕೂಡಲೇ ನಮಗೆ ನೆನಪಾಗೋದು ಬೋರ್ಡಿಂಗ್ ಪಾಸ್, ಕಿಟಕಿ ಸೀಟಿಗಾಗಿ ಪುಟ್ಟ ಜಗಳ. ಆದರೆ ಕಾರ್ಗಿಲ್‌ನ ಎಷ್ಟೋ ಜನರಿಗೆ ಚಳಿಗಾಲದ ವಿಮಾನ ಅಂದರೆ ವಾಯುಪಡೆಯ ಎಎನ್-32. ಎರಡೂ ಬದಿಯ ಗೋಡೆಗೆ ಅಂಟಿಕೊಂಡ ಮಡಚುವ ಆಸನಗಳು, ಎದುರುಬದುರು ಕೂತ ಮಂದಿ, ಪಕ್ಕದವರ ಮಾತೂ ಕೇಳದಷ್ಟು ಸದ್ದು. ಊಟ-ತಿಂಡಿ, ಗಗನಸಖಿ ಎಲ್ಲ ಮರೆತುಬಿಡಿ!

ಯಾಕೆ ಈ ಪಾಡು? ಕಾರ್ಗಿಲ್‌ನಿಂದ ಶ್ರೀನಗರ ಸುಮಾರು 200 ಕಿ.ಮೀ. ನಡುವೆ ಸುಮಾರು 3,500 ಮೀಟರ್ ಎತ್ತರದ ಜೋಜಿ ಲಾ ಕಣಿವೆದಾರಿ. ಹಿಮ ಬಿದ್ದರೆ ರಸ್ತೆ ಬಂದ್. ಹಿಂದೆಲ್ಲ ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು, ಈಚಿನ ವರ್ಷಗಳಲ್ಲಿ ಆ ಅವಧಿ ಕಡಿಮೆಯಾಗಿದೆ. ಸುತ್ತ ಬೆಟ್ಟ, ನಡುವೆ ಚಿಕ್ಕ ರನ್‌ವೇ. ಹಾಗಾಗಿ ಆಡಳಿತ ಮತ್ತು ವಾಯುಪಡೆ ಸೇರಿ ನಡೆಸುವ 'ಕಾರ್ಗಿಲ್ ಕೊರಿಯರ್' ರೋಗಿಗಳಿಗೆ, ವಿದ್ಯಾರ್ಥಿಗಳಿಗೆ ಆಸರೆಯಾಯಿತು.

ಈ ವಿಮಾನದ ಕಥೆಯೂ ಸ್ವಾರಸ್ಯವಾಗಿದೆ. ಸೋವಿಯತ್ ಒಕ್ಕೂಟದ ಆಂಟನೋವ್ ಸಂಸ್ಥೆ ತನ್ನ ಎಎನ್-26ಕ್ಕೆ ಹೆಚ್ಚುಕಡಿಮೆ ಎರಡರಷ್ಟು ಬಲದ ಟರ್ಬೊಪ್ರಾಪ್ ಎಂಜಿನ್ ಕೂರಿಸಿ ಮಾಡಿದ್ದು ಇದು. ಮೊದಲ ಹಾರಾಟ 1976ರಲ್ಲಿ. ದೊಡ್ಡ ಪ್ರೊಪೆಲ್ಲರ್‌ಗಳಿಗೆ ಜಾಗ ಬೇಕಲ್ಲ, ಅದಕ್ಕೇ ಎಂಜಿನ್‌ಗಳು ರೆಕ್ಕೆಯ ಮೇಲೆ ಎದ್ದು ಕೂತಿವೆ. ಎತ್ತರದ, ಬಿಸಿಲಿನ, ತೆಳುಗಾಳಿಯ ಜಾಗಗಳಿಗೆ ಬೇಕೆಂದು ಭಾರತ ಇದನ್ನು ಕೊಂಡಿತು. 1984ರಲ್ಲಿ ವಾಯುಪಡೆ ಸೇರಿತು, 'ಸಟ್ಲೆಜ್' ಅಂತ ಹೆಸರೂ ಪಡೆಯಿತು. ಸರಕು, ಪ್ಯಾರಾಟ್ರೂಪರ್‌ಗಳಿಗಾಗಿ ಹುಟ್ಟಿದ ವಿಮಾನ. ಅಜ್ಜಿ, ಮೊಮ್ಮಗಳನ್ನು ಹೊತ್ತಿದ್ದು ಆಮೇಲಿನ ಮಾತು.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. 2016ರ ಜುಲೈ 22ರ ಬೆಳಗ್ಗೆ ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ (2024ರಿಂದ ಶ್ರೀ ವಿಜಯಪುರಂ) ಹೊರಟ ಎಎನ್-32 ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಅದೂ ಕೊರಿಯರ್ ವಿಮಾನವೇ. ಒಳಗಿದ್ದವರು 29 ಜನ. ಅವರಲ್ಲಿ 8 ಮಂದಿ ಸಮವಸ್ತ್ರದವರಲ್ಲ, ವಿಶಾಖಪಟ್ಟಣದ ನೌಕಾ ಶಸ್ತ್ರಾಗಾರದ ನಾಗರಿಕ ನೌಕರರು. ಹಡಗು, ವಿಮಾನಗಳು ಎಷ್ಟು ಹುಡುಕಿದರೂ ಸಿಗಲಿಲ್ಲ. 2024ರ ಜನವರಿಯಲ್ಲಿ 3,400 ಮೀಟರ್ ಆಳದಲ್ಲಿ ಅವಶೇಷಗಳು ಕಂಡವು. ಏಳೂವರೆ ವರ್ಷ ಆ ಮನೆಗಳವರು ಏನೂ ಗೊತ್ತಿಲ್ಲದೆ ಕಾದರು...

ನಾವು ಹತ್ತುವ ವಿಮಾನದ ಮೇಲೆ ಡಿಜಿಸಿಎ ಕಣ್ಣಿರುತ್ತದೆ. ಸೇನಾ ವಿಮಾನಗಳ ಲೆಕ್ಕವೇ ಬೇರೆ. ಅವುಗಳ ವಿನ್ಯಾಸ ಹಾರಲು ಯೋಗ್ಯವೇ ಎಂದು ನೋಡುವ ಸಂಸ್ಥೆ ನಮ್ಮ ಬೆಂಗಳೂರಿನ ಮಾರತಹಳ್ಳಿಯಲ್ಲೇ ಇದೆ, ಹೆಸರು ಸೆಮಿಲಾಕ್. ಸೈನಿಕ ಅಪಾಯ ಒಪ್ಪಿಕೊಂಡೇ ಕೆಲಸಕ್ಕೆ ಸೇರಿರುತ್ತಾನೆ. ಪರೀಕ್ಷೆ ಬರೆಯಲು ಹೊರಟ ಹುಡುಗಿ ಹಾಗಲ್ಲವಲ್ಲ?

ಹಾಗಂತ ಕೊರಿಯರ್ ನಿಲ್ಲಿಸಿ ಅನ್ನಲಾರೆ. ಹಿಮದಲ್ಲಿ ಸಿಕ್ಕಿಬಿದ್ದ ರೋಗಿಗೆ ಆ ಮಡಚು ಆಸನವೇ ಪುಷ್ಪಕ ವಿಮಾನ. ಅಲ್ಲಿ ಕೂರುವವರನ್ನು ಸರಕಿನ ಜೊತೆಗೆ ಬಂದವರು ಅಂದುಕೊಳ್ಳದೆ, ಪ್ರಯಾಣಿಕರು ಅಂತ ಎಣಿಸಿದರೆ ಸಾಕು.

ನಿಮ್ಮಲ್ಲಿ ಯಾರಾದರೂ ಇಂಥ ವಿಮಾನದಲ್ಲಿ ಹೋಗಿದ್ದರೆ ಖಂಡಿತ ಬರೆಯಿರಿ. ಕಿವಿಗೆ ಹತ್ತಿ ಇಟ್ಟುಕೊಂಡಿದ್ದಿರಾ ಅನ್ನೋದನ್ನೂ!