ಬ್ಯಾಟರಿ ತೆಗೆದ ಮೇಲೂ ತಿರುಗೀತೆ? ‘ಫ್ರೀ ಎನರ್ಜಿ’ ಮೋಟಾರುಗಳ ಪರೀಕ್ಷೆ

ಬಾಬಾಬುಡನ್‌ಗಿರಿ ಸಾಲಿನ ಅತ್ತಿಗುಂಡಿಯಂಥ ಊರುಗಳಲ್ಲಿ ಮಳೆಗಾಲದ ಕರೆಂಟನ್ನು ನೆಚ್ಚಿಕೊಳ್ಳುವಂತಿಲ್ಲ. ತೋಟದ ಮರವೊಂದು ತಂತಿಯ ಮೇಲೆ ಬಿದ್ದರೆ ಮೆಸ್ಕಾಂ ಲೈನ್‌ಮನ್ ಬರುವ ತನಕ ಕತ್ತಲೆ. ಡೀಸೆಲ್ ಬೇಡ, ಬಿಸಿಲು ಬೇಡ, ತನ್ನ ಕರೆಂಟಿನಿಂದ ತಾನೇ ತಿರುಗಿ ಮನೆಯನ್ನೂ ಬೆಳಗುವ ಮೋಟಾರಿನ ವಿಡಿಯೊ ಇಂಥ ಕಡೆ ಮೊಬೈಲಿಗೆ ಬಂದರೆ ಆಸೆ ಹುಟ್ಟುವುದು ಸಹಜ. ಹಾಕಿದ್ದಕ್ಕಿಂತ ಹೆಚ್ಚು ಶಕ್ತಿ ಹೊರಗೆ ಬರುತ್ತದೆ ಎನ್ನುವುದೇ ‘ಫ್ರೀ ಎನರ್ಜಿ’ ವಾದ.

ಹಳೆಯ ಆಸೆ

ಈ ಆಸೆ ಇಂದಿನದಲ್ಲ. 1150ರಲ್ಲಿ ಭಾಸ್ಕರಾಚಾರ್ಯ ತನ್ನ ‘ಸಿದ್ಧಾಂತ ಶಿರೋಮಣಿ’ಯಲ್ಲಿ, ಟೊಳ್ಳು ಅರಗಳಲ್ಲಿ ಅರ್ಧದಷ್ಟು ಪಾದರಸ ತುಂಬಿದ, ತಾನಾಗಿ ತಿರುಗುವ ಚಕ್ರವೊಂದನ್ನು ವಿವರಿಸಿದ್ದಾನೆ. (ಆತ ವಿಜಯಪುರದವನೆಂದು ನಾವು ಹೆಮ್ಮೆಪಡುತ್ತೇವೆ, ಮಹಾರಾಷ್ಟ್ರದವರು ಒಪ್ಪುವುದಿಲ್ಲ.) ಅಂಥ ಚಕ್ರ ಎಲ್ಲೂ ತಿರುಗುತ್ತಾ ಉಳಿದಿಲ್ಲ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ ಇಂಥ ಯಂತ್ರಗಳ ಅರ್ಜಿ ನೋಡುವುದನ್ನು ನಿಲ್ಲಿಸಿತು. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಎ) ಕಲಮಿನ ಪ್ರಕಾರ, ಪ್ರಕೃತಿಯ ಸ್ಥಾಪಿತ ನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದುದು ಆವಿಷ್ಕಾರವೇ ಅಲ್ಲ.

ಕಾರವಾರದ ಪರಮಹಂಸ ತಿವಾರಿ

ಕರ್ನಾಟಕದಲ್ಲಿ ಈ ವಿಷಯ ಎತ್ತಿದರೆ ಬರುವ ಮೊದಲ ಹೆಸರು ಪರಮಹಂಸ ತಿವಾರಿ. ಅವರು ಬೀದಿ ಬದಿಯ ಮಾಂತ್ರಿಕರಲ್ಲ. ಭಾರತೀಯ ಅಣು ವಿದ್ಯುತ್ ನಿಗಮದ ಹಿರಿಯ ಎಂಜಿನಿಯರ್, ಕೈಗಾ ಯೋಜನೆಯ ನಿರ್ದೇಶಕರಾಗಿದ್ದವರು. ನಿವೃತ್ತರಾಗಿ ಕಾರವಾರದಲ್ಲಿ ನೆಲೆಸಿದರು. ಶೂನ್ಯ ಅವಕಾಶವೇ ಸುಳಿಗಳ ರೂಪದಲ್ಲಿ ದ್ರವ್ಯವಾಗುತ್ತದೆ ಎಂಬ ಸ್ವಂತ ಸಿದ್ಧಾಂತ ಕಟ್ಟಿ, ಆ ಅವಕಾಶದಿಂದಲೇ ಕರೆಂಟು ಪಡೆಯುವುದಾಗಿ ಹೇಳಿದರು.

ಅವರಿಗೂ ಅಮೆರಿಕದ ಬ್ರೂಸ್ ಡಿಪಾಲ್ಮಾ ಅವರಿಗೂ ಸಂಪರ್ಕವಿತ್ತು. 1831ರಲ್ಲಿ ಫ್ಯಾರಡೆ ತಿರುಗಿಸಿದ್ದ ತಾಮ್ರದ ತಟ್ಟೆಯ ಪ್ರಯೋಗವನ್ನೇ ಬೆಳೆಸಿ ಡಿಪಾಲ್ಮಾ ‘ಎನ್-ಮಷಿನ್’ ಮಾಡಿದ್ದರು. ತಿವಾರಿಯವರ ಕೊನೆಯ ಯಂತ್ರ ‘ರಿಯಾಕ್ಷನ್‌ಲೆಸ್ ಜನರೇಟರ್’. ಯಾವ ಜನರೇಟರಿಗಾದರೂ ಲೋಡ್ ಹಾಕಿದೊಡನೆ ಅದು ತಿರುಗಲು ಭಾರವಾಗುತ್ತದೆ. ಲೆನ್ಜ್ ನಿಯಮ ಹೇಳುವುದು ಇದನ್ನೇ. ಆ ಭಾರವನ್ನು ಅಳಿಸಿಹಾಕಿದ್ದೇನೆ, ದಕ್ಷತೆ ಶೇ. 100 ದಾಟಿದೆ ಎಂಬುದು ಅವರ ಹೇಳಿಕೆ. ಅವರು 2017ರಲ್ಲಿ ತೀರಿಕೊಂಡರು. ಅಂಥ ಜನರೇಟರಿನಿಂದ ಒಂದು ಊರಿಗೂ ಕರೆಂಟು ಹರಿಯಲಿಲ್ಲ. ಪ್ರಾಮಾಣಿಕತೆ, ಅನುಭವ ಎರಡೂ ಇದ್ದವರ ಮಾತನ್ನೂ ಅಳತೆಯಿಂದಲೇ ಒಪ್ಪಬೇಕು, ಇಲ್ಲವೇ ಬಿಡಬೇಕು.

ಹವ್ಯಾಸಿಗಳ ಮೇಜಿನ ಮೇಲೆ

ಹವ್ಯಾಸಿಗಳು ಹೆಚ್ಚಾಗಿ ಕಟ್ಟುವುದು ಜಾನ್ ಬೆಡಿನಿ ಹೆಸರಿನ ಪುಟ್ಟ ಮೋಟಾರು: ಆಯಸ್ಕಾಂತ ಅಂಟಿಸಿದ ಚಕ್ರ, ತಂತಿಯ ಸುರುಳಿ, ಟ್ರಾನ್ಸಿಸ್ಟರ್, ಎರಡು ಬ್ಯಾಟರಿ. ಒಂದು ಬ್ಯಾಟರಿ ಚಕ್ರವನ್ನು ತಿರುಗಿಸುತ್ತದೆ, ಇನ್ನೊಂದು ಚಾರ್ಜ್ ಆಗುತ್ತದೆ. ಕಟ್ಟುವುದು ಸುಲಭ, ಅಳೆಯುವುದೇ ಕಷ್ಟ.

ಮೊದಲ ಮೋಸ ಬ್ಯಾಟರಿಯದು. ಲೆಡ್-ಆ್ಯಸಿಡ್ ಬ್ಯಾಟರಿಯನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಅದರ ವೋಲ್ಟೇಜ್ ತಾನಾಗಿ ಏರುತ್ತದೆ. ಚಾರ್ಜ್ ಆಯಿತೆಂದು ಖುಷಿಪಡುವಂತಿಲ್ಲ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 84 ವ್ಯಾಟ್-ಅವರ್ ಇರುತ್ತದೆ. 5 ವ್ಯಾಟ್ ಮೋಟಾರು ಅಷ್ಟರಲ್ಲೇ ಇಡೀ ರಾತ್ರಿ ತಿರುಗುತ್ತದೆ, ಪವಾಡ ಬೇಕಿಲ್ಲ. ಆ ಬ್ಯಾಟರಿ ತೆಗೆದು, 12 ವೋಲ್ಟಿಗೆ ತುಂಬಿದ ಒಂದು ಫ್ಯಾರಡ್ ಕೆಪಾಸಿಟರ್ ಜೋಡಿಸಿ ನೋಡಿ. ಅದರಲ್ಲಿರುವುದು 72 ಜೂಲ್. ಅದೇ ಮೋಟಾರು 15 ಸೆಕೆಂಡಿನೊಳಗೆ ನಿಲ್ಲಬೇಕು. ನಿಲ್ಲದಿದ್ದರೆ ಮಾತ್ರ ಸುದ್ದಿ.

ಎರಡನೆಯದು ಮಲ್ಟಿಮೀಟರಿನದು. ಅಗ್ಗದ ಮೀಟರು ಲೆಕ್ಕ ಹಾಕುವುದು ನಯವಾದ ಅಲೆಗೆ. ಸುರುಳಿಯಿಂದ ಏಳುವ ಚೂಪಾದ ಸ್ಪೈಕುಗಳಿಗೆ ಅದು ತಪ್ಪು ಅಂಕಿ ತೋರಿಸುತ್ತದೆ. ಎಸಿಯಲ್ಲಿ ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿಬಿಟ್ಟರೂ ಸಾಲದು: 230 ವೋಲ್ಟ್, 3 ಆಂಪಿಯರ್ ಎಂದರೆ 690 ಬಂತು, ಪವರ್ ಫ್ಯಾಕ್ಟರ್ 0.3 ಇದ್ದರೆ ನಿಜವಾದ ಶಕ್ತಿ 207 ವ್ಯಾಟ್ ಮಾತ್ರ. ಹೀಗಾಗಿ ಜಾಣ ಹವ್ಯಾಸಿ ಹೊರಬಂದ ಕರೆಂಟಿನಿಂದ ನೀರು ಕಾಯಿಸಿ, ಬಿಸಿಯನ್ನು ಅಳೆಯುತ್ತಾನೆ. ಅಲೆಯ ಆಕಾರ ಹೇಗೇ ಇರಲಿ, ಥರ್ಮಾಮೀಟರಿಗೆ ವ್ಯತ್ಯಾಸವಿಲ್ಲ.

ಹೆಸರಾದ ಎರಡು ತೀರ್ಪುಗಳು

ಅಮೆರಿಕದ ಜೋಸೆಫ್ ನ್ಯೂಮನ್ ಅವರ ಮೋಟಾರನ್ನು ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆ 1986ರಲ್ಲಿ ಪರೀಕ್ಷಿಸಿತು. ಹೊರಬಂದದ್ದು ಪ್ರತಿ ಸಲವೂ ಒಳಹೋದದ್ದಕ್ಕಿಂತ ಕಡಿಮೆ. ಡಬ್ಲಿನ್‌ನ ಸ್ಟಿಯೋರ್ನ್ ಕಂಪನಿ 2006ರಲ್ಲಿ ‘ದಿ ಎಕನಾಮಿಸ್ಟ್’ನಲ್ಲಿ ಜಾಹೀರಾತು ಕೊಟ್ಟು ವಿಜ್ಞಾನಿಗಳಿಗೆ ಸವಾಲು ಹಾಕಿತು. ಅದೇ ಕರೆದ ತೀರ್ಪುಗಾರರು 2009ರಲ್ಲಿ ಒಮ್ಮತದಿಂದ, ಶಕ್ತಿ ಹುಟ್ಟಿದ್ದನ್ನು ಕಂಪನಿ ತೋರಿಸಿಲ್ಲ ಎಂದರು.

ಹಳ್ಳದ ಲೆಕ್ಕ

ಮಲೆನಾಡಿನಲ್ಲಿ ಇಂಧನದ ಖರ್ಚಿಲ್ಲದ ಶಕ್ತಿ ಬೇಕಾದವರು ಹುಡುಕಬೇಕಾದ್ದು ಹಳ್ಳವನ್ನು. ಸೆಕೆಂಡಿಗೆ 5 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ ಅದರಲ್ಲಿ 981 ವ್ಯಾಟ್ ಇದೆ. ಅರ್ಧ ಪೋಲಾದರೂ 490 ವ್ಯಾಟ್ ಸಿಕ್ಕೀತು, ದಿನಕ್ಕೆ ಹತ್ತಿರತ್ತಿರ 12 ಯೂನಿಟ್. ಮಲೆನಾಡಿನ ಎಷ್ಟೋ ಒಂಟಿ ಮನೆಗಳು ಇಂಥ ಪುಟ್ಟ ಟರ್ಬೈನುಗಳಿಂದ ದೀಪ ಉರಿಸಿವೆ. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಕರೆಂಟೂ ಬತ್ತುತ್ತದೆ. ಆ ಮಿತಿಯನ್ನು ಮುಚ್ಚಿಡುವವರಿಲ್ಲ.

‘ಫ್ರೀ ಎನರ್ಜಿ’ ಜನರೇಟರಿಗೆ ಯಾರಾದರೂ ಅಡ್ವಾನ್ಸ್ ಕೇಳಿದರೆ ಹೀಗೆ ಮಾಡಿ: ಬ್ಯಾಟರಿ, ಗೋಡೆಯ ಪ್ಲಗ್ಗು ಎರಡನ್ನೂ ನಿಮ್ಮ ಕೈಯಾರೆ ತೆಗೆಯಿರಿ, ನಿಮ್ಮದೇ ಒಂದು ಕಿಲೋವ್ಯಾಟ್ ಹೀಟರ್ ಜೋಡಿಸಿ, ಒಂದು ವಾರ ಓಡಿಸಲು ಹೇಳಿ. ಅದಕ್ಕೆ ಒಪ್ಪದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.