ಮಂಗಳೂರಿನ ಬ್ಯಾಂಕ್ ಹೆಡ್ಡಾಫೀಸುಗಳು: ಪೇಟೆಗೆ ಉಳಿದದ್ದೇನು, ಹೋದದ್ದೇನು?

ಮಂಗಳೂರಿನ ಸಿಟಿ ಬಸ್ಸಿನಲ್ಲಿ ‘ಸ್ಟೇಟ್‌ಬ್ಯಾಂಕ್’ ಅಂದರೆ ಬ್ಯಾಂಕಲ್ಲ, ಬಸ್ ಸ್ಟಾಂಡ್. ಸುರತ್ಕಲ್‌ನಿಂದ ಬರುವವರೂ ತಲಪಾಡಿಯಿಂದ ಬರುವವರೂ ಟಿಕೆಟ್ ಕೇಳುವುದು ಅದೇ ಹೆಸರಿಗೆ. ಒಂದು ಬ್ಯಾಂಕಿನ ಶಾಖೆಯ ಹೆಸರೇ ಪೇಟೆಯ ನಡುಭಾಗದ ಹೆಸರಾಗಿ ನಿಂತ ಊರು ಇದು. ಆದರೆ ಆ ಬ್ಯಾಂಕ್ ಹೊರಗಿನದ್ದು. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಇಲ್ಲಿ ಬ್ಯಾಂಕ್ ಆಫ್ ಮದ್ರಾಸ್ ಇತ್ತು. 1921ರಲ್ಲಿ ಅದು ಇಂಪೀರಿಯಲ್ ಬ್ಯಾಂಕಿಗೆ ಸೇರಿತು, 1955ರಲ್ಲಿ ಸ್ಟೇಟ್ ಬ್ಯಾಂಕ್ ಆಯಿತು. ಇಲ್ಲೇ ಹುಟ್ಟಿ, ಹೆಡ್ಡಾಫೀಸು ಕಟ್ಟಿಕೊಂಡು ಬೆಳೆದ ಬ್ಯಾಂಕುಗಳ ಕತೆ ಬೇರೆ.

1969ರಲ್ಲಿ 14, 1980ರಲ್ಲಿ 6 ಹೀಗೆ ಒಟ್ಟು 20 ಖಾಸಗಿ ಬ್ಯಾಂಕುಗಳು ರಾಷ್ಟ್ರೀಕರಣವಾದವು. ಅದರಲ್ಲಿ ನಾಲ್ಕು ಅವಿಭಜಿತ ದಕ್ಷಿಣ ಕನ್ನಡದವು: ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್ ಮತ್ತು ವಿಜಯಾ. ದೇಶದ ಬೇರೆ ಯಾವ ಮಹಾನಗರದ ಮುಂದೆ ಇಟ್ಟರೂ ಇದು ಸಣ್ಣ ಲೆಕ್ಕವಲ್ಲ. ಐದನೆಯದಾದ ಕರ್ಣಾಟಕ ಬ್ಯಾಂಕ್ ಆಗ ಠೇವಣಿಯಲ್ಲಿ ಚಿಕ್ಕದು. ಮೊದಲ ಸಲ 50 ಕೋಟಿ, ಎರಡನೇ ಸಲ 200 ಕೋಟಿ ರೂಪಾಯಿ ಠೇವಣಿಯ ಗೆರೆ ಹಾಕಿದ್ದರಿಂದ ಅದು ಖಾಸಗಿಯಾಗಿಯೇ ಉಳಿಯಿತು. ಚಿಕ್ಕದಾಗಿದ್ದದ್ದೇ ಮುಂದೆ ಊರಿನ ಪಾಲಿಗೆ ಲಾಭವಾಯಿತು ಅನ್ನಬೇಕು.

ಶುರುವಾದದ್ದು ಹೇಗೆ

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಸಾಹೇಬರು ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ)’ ಆರಂಭಿಸಿದರು. ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಪೆಟ್ಟಿಗೆಯಲ್ಲಿ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಜುಲೈ 1ಕ್ಕೆ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ತೆರೆಯಿತು. 1910ರಲ್ಲಿ ಅದೇ ಕೆನರಾ ಬ್ಯಾಂಕ್ ಆಯಿತು. ಹೆಸರು ಹತ್ತಿರ ಹತ್ತಿರ ಇರುವುದರಿಂದ ಈಗಲೂ ಎರಡನ್ನೂ ಗೊಂದಲ ಮಾಡಿಕೊಳ್ಳುವವರು ಉಂಟು. ಉಡುಪಿಯದ್ದು 1972ರಲ್ಲಿ ‘ಕಾರ್ಪೊರೇಷನ್ ಬ್ಯಾಂಕ್’ ಎಂದು ಹೆಸರು ಬದಲಿಸಿಕೊಂಡಿತು.

1924ರ ಫೆಬ್ರವರಿ 18ರಂದು ಕರ್ಣಾಟಕ ಬ್ಯಾಂಕ್ ನೋಂದಣಿಯಾಯಿತು. 1925ರಲ್ಲಿ ಉಡುಪಿಯಲ್ಲಿ ಮುಂದಿನ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕ್ ಬಂದವು. ಬಂದರಿನಲ್ಲಿ ಅಡಿಕೆ, ಕಾಳುಮೆಣಸು, ಕಾಫಿ, ಗೇರುಬೀಜದ ವ್ಯಾಪಾರ, ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ. ದುಡ್ಡು ಓಡಾಡುತ್ತಿತ್ತು, ಆದರೆ ಸಾಲ ಸಿಗುತ್ತಿದ್ದದ್ದು ಹೆಚ್ಚಾಗಿ ಬಡ್ಡಿ ವ್ಯಾಪಾರಿಗಳ ಕೈಯಲ್ಲಿ. ಆ ಜಾಗಕ್ಕೆ ಈ ಬ್ಯಾಂಕುಗಳು ಬಂದವು.

ಅಂಗಡಿಯವರಿಗೆ ಇವುಗಳಲ್ಲಿ ಹೆಚ್ಚು ಹತ್ತಿರದ್ದು ಪಿಗ್ಮಿ. 1928ರಲ್ಲಿ ಸಿಂಡಿಕೇಟ್ ಶುರು ಮಾಡಿದ ಈ ಯೋಜನೆಯಲ್ಲಿ ಏಜೆಂಟರು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆ, ಅಂಗಡಿಯ ಬಾಗಿಲಿಗೇ ಬಂದು ಸಂಗ್ರಹಿಸಿದರು. ಈಗ ಸಹಕಾರಿ ಸಂಘಗಳ ಪಿಗ್ಮಿ ಕಲೆಕ್ಟರ್ ಸಂಜೆ ಮೆಷಿನ್ ಹಿಡಿದು ಬರುವುದು ಅದೇ ಲೆಕ್ಕಾಚಾರದ ಮೇಲೆ.

ಹೆಡ್ಡಾಫೀಸು ಇದ್ದರೆ ಬೀದಿಗೆ ಏನು?

ಶಾಖೆ ಇದ್ದರೆ ಗಿರಾಕಿ ಬರುತ್ತಾರೆ, ಕೆಲಸ ಮುಗಿಸಿ ಹೋಗುತ್ತಾರೆ. ಹೆಡ್ಡಾಫೀಸು ಹಾಗಲ್ಲ. ಅಲ್ಲಿ ದಿನವಿಡೀ ಕೂರುವ ಸಿಬ್ಬಂದಿ ಇರುತ್ತಾರೆ, ಬೇರೆ ರಾಜ್ಯದ ಶಾಖೆಗಳಿಂದ ಮೀಟಿಂಗಿಗೆ, ಟ್ರೈನಿಂಗಿಗೆ ಬರುವ ಮ್ಯಾನೇಜರುಗಳು ಇರುತ್ತಾರೆ, ಆಡಿಟರು, ವಕೀಲರು ಇರುತ್ತಾರೆ. ಅವರಿಗೆ ಲಾಡ್ಜು ಬೇಕು, ಮಧ್ಯಾಹ್ನ ಊಟ ಬೇಕು, ಆಟೋ ಬೇಕು, ಊರಿಗೆ ಹೋಗುವಾಗ ಗೋಡಂಬಿ, ಹಲ್ವ ಬೇಕು. ವರ್ಗವಾಗಿ ಬಂದವರಿಗೆ ಬಾಡಿಗೆ ಮನೆ, ಮಕ್ಕಳಿಗೆ ಶಾಲೆ. ಕಂಪ್ಯೂಟರ್ ಬರುವ ಮೊದಲು ಪ್ರಿಂಟಿಂಗ್ ಪ್ರೆಸ್ಸಿನವರಿಗೂ ದೊಡ್ಡ ಕೆಲಸ ಇತ್ತು: ಲೆಡ್ಜರು, ಚಲನು, ಪಾಸ್‌ಬುಕ್ಕು, ಕ್ಯಾಲೆಂಡರು.

ಇದಕ್ಕಿಂತ ದೊಡ್ಡದು ಸಾಲದ ಫೈಲು. ಶಾಖೆಯ ಮ್ಯಾನೇಜರಿಗೆ ಒಂದು ಮಿತಿಯವರೆಗೆ ಮಾತ್ರ ಮಂಜೂರು ಮಾಡುವ ಅಧಿಕಾರ. ಅದು ದಾಟಿದರೆ ಫೈಲು ಪ್ರಾದೇಶಿಕ ಕಚೇರಿಗೆ, ಅಲ್ಲಿಂದ ವಲಯ ಕಚೇರಿಗೆ, ಕೊನೆಗೆ ಹೆಡ್ಡಾಫೀಸಿಗೆ. ಮೇಲಿನ ಟೇಬಲ್ ಊರಲ್ಲೇ ಇದ್ದರೆ ಅಲ್ಲಿ ಕೂತವರಿಗೆ ಅಡಿಕೆಯ ಸೀಸನ್ ಯಾವಾಗ, ಮಳೆಗಾಲದಲ್ಲಿ ಮೀನುಗಾರಿಕೆ ಯಾಕೆ ನಿಲ್ಲುತ್ತದೆ ಅಂತ ವಿವರಿಸಿ ಬರೆಯಬೇಕಿಲ್ಲ.

ಪಾಂಡೇಶ್ವರ: ಬೋರ್ಡು ಬದಲಾದ ಕಟ್ಟಡ

ಕಾರ್ಪೊರೇಷನ್ ಬ್ಯಾಂಕಿನ ಪ್ರಧಾನ ಕಚೇರಿ ಇದ್ದದ್ದು ಪಾಂಡೇಶ್ವರದ ಮಂಗಳಾದೇವಿ ದೇವಸ್ಥಾನ ರಸ್ತೆಯಲ್ಲಿ. ರೈಲ್ವೆ ಸ್ಟೇಷನ್ ಹತ್ತಿರ, ಬಂದರು ಹತ್ತಿರ, ಹಂಪನಕಟ್ಟೆಯೂ ದೂರವಿಲ್ಲ. 2020ರ ಏಪ್ರಿಲ್ 1ರಂದು ಬ್ಯಾಂಕ್, ಆಂಧ್ರ ಬ್ಯಾಂಕಿನ ಜೊತೆಗೆ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿ ಮಣಿಪಾಲದ ಹೆಡ್ಡಾಫೀಸೂ ಹೋಯಿತು. ಆಗ ಲಾಕ್‌ಡೌನ್. 114 ವರ್ಷದ ಬ್ಯಾಂಕ್ ಮುಗಿದ ದಿನ ಪೇಟೆಯಲ್ಲಿ ಜನವೇ ಇರಲಿಲ್ಲ.

ಹಿಂದಿನ ವರ್ಷ, 2019ರ ಏಪ್ರಿಲ್ 1ಕ್ಕೆ, ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತ್ತು. ಅದರ ವಿರುದ್ಧ ಕರಾವಳಿಯಲ್ಲಿ ಪ್ರತಿಭಟನೆಗಳೂ ನಡೆದವು. ಆದರೆ ವಿಜಯಾದ ಹೆಡ್ಡಾಫೀಸು ಅದಕ್ಕೂ ಬಹಳ ಮೊದಲೇ ಬೆಂಗಳೂರಿಗೆ ಹೋಗಿತ್ತು. ಕೆನರಾದ್ದೂ ಹಾಗೆಯೇ. ಪೇಟೆಯ ಲೆಕ್ಕದಲ್ಲಿ ಮಂಗಳೂರಿಗೆ ನೇರ ಏಟು ಕಾರ್ಪೊರೇಷನ್ ಬ್ಯಾಂಕಿನದ್ದು.

ಪಾಂಡೇಶ್ವರದ ಕಟ್ಟಡ ಖಾಲಿಯಾಗಲಿಲ್ಲ, ಯೂನಿಯನ್ ಬ್ಯಾಂಕಿನ ವಲಯ ಕಚೇರಿಯಾಯಿತು. ಹೊರಗಿನಿಂದ ನೋಡಿದರೆ ಬದಲಾದದ್ದು ಬೋರ್ಡು, ಬಣ್ಣ. ಆದರೆ ವಲಯ ಕಚೇರಿಗೆ ಆಡಳಿತ ಮಂಡಳಿ ಇಲ್ಲ, ಅಧ್ಯಕ್ಷರ ಕೋಣೆ ಇಲ್ಲ, ದೇಶದ ಎಲ್ಲ ಕಡೆಯ ಫೈಲು ಇಲ್ಲಿಗೆ ಬರುವುದಿಲ್ಲ. ಕೊನೆಯ ಸಹಿ ಈಗ ಮುಂಬೈಯಲ್ಲಿ. ಖರೀದಿಯ ದೊಡ್ಡ ಟೆಂಡರೂ ಅಲ್ಲೇ. ಅಂಗಡಿ ಮುಚ್ಚಿಸುವಂಥ ಪೆಟ್ಟು ಇದಲ್ಲ, ನಿಧಾನಕ್ಕೆ ಗಿರಾಕಿ ತೆಳುವಾಗುವ ಪೆಟ್ಟು.

ಉಳಿದವು

ಕರ್ಣಾಟಕ ಬ್ಯಾಂಕ್ 2024ರಲ್ಲಿ ನೂರು ತುಂಬಿಸಿತು. 900ಕ್ಕೂ ಹೆಚ್ಚು ಶಾಖೆಗಳಿರುವ ಈ ಬ್ಯಾಂಕಿನ ಪ್ರಧಾನ ಕಚೇರಿ ಈಗಲೂ ಮಂಗಳೂರಿನಲ್ಲೇ ಉಂಟು, ಆದರೆ ಹಳೆ ಪೇಟೆಯಲ್ಲಲ್ಲ. ಮೊದಲು ಕೊಡಿಯಾಲಬೈಲಿನಲ್ಲಿದ್ದದ್ದು ಕಂಕನಾಡಿಯ ಮಹಾವೀರ ವೃತ್ತಕ್ಕೆ, ಅಂದರೆ ಜನರ ಬಾಯಲ್ಲಿ ಪಂಪ್‌ವೆಲ್‌ಗೆ ಹೋಯಿತು. ಹೆದ್ದಾರಿಗಳು ಸೇರುವ ಜಾಗ, ಕಾರಲ್ಲಿ ಬರುವವರಿಗೆ ಅನುಕೂಲ. ಆದರೆ ಆಫೀಸಿನಿಂದ ಇಳಿದು ನಡೆದುಕೊಂಡು ಸಾಮಾನು ತಗೊಳ್ಳುವ ಬೀದಿ ಅದಲ್ಲ. ಮೇಲ್ಸೇತುವೆ ಕಾಮಗಾರಿ 2020ರ ಜನವರಿ ಕೊನೆಯವರೆಗೆ ಎಳೆದದ್ದನ್ನು ಆ ಭಾಗದ ಅಂಗಡಿಯವರು ಮರೆತಿರಲಿಕ್ಕಿಲ್ಲ.

ಕೊಡಿಯಾಲಬೈಲಿನಲ್ಲಿ ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಪ್ರಧಾನ ಕಚೇರಿ ಉಂಟು. ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಕಟ್ಟಿದ ಸಂಸ್ಥೆ ಅದು. 1912ರ ಎಂಸಿಸಿ ಬ್ಯಾಂಕ್ ಹಂಪನಕಟ್ಟೆಯದ್ದು. ಗಾತ್ರ ಸಣ್ಣದಾದರೂ ಇವುಗಳ ಆಡಳಿತ ಮಂಡಳಿ ಕೂರುವುದು ಈ ಊರಲ್ಲೇ.

ವಿಲೀನದ ನಂತರ ವ್ಯಾಪಾರಿಗಳು ನೋಡಿಕೊಳ್ಳಬೇಕಾದ್ದು

ಹಳೆ ಬಿಲ್ ಪುಸ್ತಕ, ಲೆಟರ್‌ಹೆಡ್ಡಿನಲ್ಲಿ ಈಗಲೂ ಹಳೆ ಐಎಫ್‌ಎಸ್‌ಸಿ ಇದ್ದರೆ ಹಣ ಬರುವುದಿಲ್ಲ. ಕಾರ್ಪೊರೇಷನ್‌ನ ‘ಸಿಒಆರ್‌ಪಿ’ ಹೋಗಿ ‘ಯುಬಿಐಎನ್’ ಬಂದಿದೆ. ಸಿಂಡಿಕೇಟ್‌ನ ‘ಎಸ್‌ವೈಎನ್‌ಬಿ’ 2021ರ ಜುಲೈ 1ರಿಂದ ರದ್ದು, ಈಗ ‘ಸಿಎನ್‌ಆರ್‌ಬಿ’. ವಿಜಯಾದ ಹಳೆ ಶಾಖೆಗಳ ಕೋಡಿನಲ್ಲಿ ‘ಬಿಎಆರ್‌ಬಿ’ಯ ನಂತರ ‘ವಿಜೆ’ ಅನ್ನುವ ಎರಡು ಅಕ್ಷರ ಉಳಿದಿವೆ. ಹೆಸರಿನ ಪಳೆಯುಳಿಕೆ ಅಷ್ಟೇ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಠೇವಣಿ ವಿಮೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ, 5 ಲಕ್ಷ ರೂಪಾಯಿವರೆಗೆ. 2020ರ ಫೆಬ್ರವರಿಗೆ ಮೊದಲು ಅದು 1 ಲಕ್ಷ ಇತ್ತು. ಸಿಂಡಿಕೇಟ್‌ನಲ್ಲಿ ಒಂದು, ಕೆನರಾದಲ್ಲಿ ಒಂದು ಅಂತ ಎಫ್‌ಡಿ ಇಟ್ಟವರದ್ದು ಈಗ ಒಂದೇ ಬ್ಯಾಂಕ್, ಹಾಗಾಗಿ ಎರಡೂ ಸೇರಿ ಒಂದೇ 5 ಲಕ್ಷ. ಒಬ್ಬರೇ ಮಾಲೀಕರಾಗಿರುವ ಅಂಗಡಿಯ ಖಾತೆಯೂ ಅವರ ಸ್ವಂತ ಖಾತೆಯ ಜೊತೆಗೇ ಲೆಕ್ಕಕ್ಕೆ ಬರುತ್ತದೆ. ಪಾಲುದಾರಿಕೆ ಸಂಸ್ಥೆಯ ಖಾತೆಗೆ ಬೇರೆ ಲೆಕ್ಕ.